ಕ್ವಾಂಟಂ ಕಂಟ್ರೋಲ್ ಮತ್ತು ರಿಕರ್ಸಿವ್ ಕ್ವಾಂಟಂ ಆಲ್ಗಾರಿದಂ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯೂಬಿಟ್ ಅಂದ್ರೇನು, ಸೂಪರ್‌ಪೊಸಿಷನ್ ಅಂದ್ರೇನು ಅನ್ನುವಷ್ಟು ಓದಿಕೊಂಡು, ಮುಂದಿನ ಮೆಟ್ಟಿಲು ಯಾವುದು ಅಂತ ಕೇಳುವವರಿಗಾಗಿ ಈ ಪುಟ. ಕ್ಯೂಬಿಟ್‌ಗೆ ಪಲ್ಸ್ ಕೊಡುವುದನ್ನು ಭೌತಶಾಸ್ತ್ರದವರು ಕಲಿಸುತ್ತಾರೆ, ಆಲ್ಗಾರಿದಂ ಕಟ್ಟುವುದನ್ನು ಕಂಪ್ಯೂಟರ್ ಸೈನ್ಸ್‌ನವರು ಕಲಿಸುತ್ತಾರೆ. ಇವೆರಡೂ ಒಂದೇ ಲೆಕ್ಕ ಎಂಬುದು ನನ್ನ ನಂಬಿಕೆ. ರಿಕರ್ಷನ್ (ಒಂದು ಕ್ರಿಯೆ ತನ್ನೊಳಗೆ ತನ್ನನ್ನೇ ಮತ್ತೆ ಮತ್ತೆ ಬಳಸುವುದು) ವಿಷಯದಲ್ಲಂತೂ ಅದು ಎದ್ದು ಕಾಣುತ್ತದೆ.

ಕ್ವಾಂಟಂ ವ್ಯವಸ್ಥೆಯನ್ನು ಕಂಟ್ರೋಲ್ ಮಾಡುವುದು ಅಂದ್ರೆ ಲ್ಯಾಬಿನಲ್ಲಿ ನಿಜಕ್ಕೂ ಏನು ಮಾಡುತ್ತಾರೆ?

ಪಲ್ಸ್, ಅಂದರೆ ಕ್ಷಣಕಾಲದ ಅಲೆ, ಕಳಿಸುತ್ತಾರೆ. ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್ ಆದರೆ ಸುಮಾರು 5 ಗಿಗಾಹರ್ಟ್ಸ್ ಮೈಕ್ರೋವೇವ್, ಅಯಾನು ಆದರೆ ಹೆಚ್ಚಾಗಿ ಲೇಸರ್, ಎನ್‌ಎಂಆರ್ (ಅಯಸ್ಕಾಂತ ಕ್ಷೇತ್ರದಲ್ಲಿಟ್ಟ ಅಣುಗಳ ನ್ಯೂಕ್ಲಿಯಸ್‌ಗಳನ್ನೇ ಕ್ಯೂಬಿಟ್ ಆಗಿ ಬಳಸುವ ವಿಧಾನ) ಆದರೆ ರೇಡಿಯೋ ತರಂಗ. ನಮ್ಮ ಕೈಯಲ್ಲಿರುವುದು ನಾಲ್ಕು ಸಂಗತಿ: ಪಲ್ಸ್ ಎಷ್ಟು ಜೋರಾಗಿರಬೇಕು, ಎಷ್ಟು ಹೊತ್ತು ಇರಬೇಕು, ಯಾವ ಫ್ರೀಕ್ವೆನ್ಸಿ, ಯಾವ ಫೇಸ್ (ಅಲೆ ತನ್ನ ಏರಿಳಿತದ ಯಾವ ಹಂತದಿಂದ ಶುರುವಾಗಬೇಕು). ಕ್ಯೂಬಿಟ್‌ನ ಸ್ಥಿತಿಯನ್ನು ಒಂದು ಗೋಳದ ಮೇಲಿನ ಬಾಣ ಎಂದುಕೊಂಡರೆ, ಪಲ್ಸ್ ಆ ಬಾಣವನ್ನು ಯಾವುದೋ ಒಂದು ಅಕ್ಷದ ಸುತ್ತ ತಿರುಗಿಸುತ್ತದೆ. 180° ತಿರುಗಿಸಿದರೆ ಸೊನ್ನೆ ಒಂದಾಗುತ್ತದೆ. 90° ತಿರುಗಿಸಿದರೆ ಸರಿಯಾಗಿ ಅರ್ಧದಾರಿ.

ಹೀಗೆ ತಿರುಗಿಸುವ ವಿದ್ಯೆಯ ಬೇರು 1930ರ ದಶಕದಲ್ಲಿದೆ. ಇಸಿಡೋರ್ ರಾಬಿ ಅಣುಗಳ ಕಿರಣದ ಮೇಲೆ ಇದನ್ನು ಮಾಡಿ ತೋರಿಸಿದರು, 1944ರಲ್ಲಿ ಅವರಿಗೆ ನೊಬೆಲ್ ಬಂತು. ಇವತ್ತಿಗೂ ಹೊಸ ಕ್ಯೂಬಿಟ್ ಫ್ರಿಜ್‌ನೊಳಗೆ ಹೋದಾಗ ಮೊದಮೊದಲು ತೆಗೆಯುವ ಗ್ರಾಫ್‌ಗಳಲ್ಲಿ ಒಂದಕ್ಕೆ ಅವರದೇ ಹೆಸರು.

ಪಲ್ಸ್ ಕೊಟ್ಟ ಮೇಲೆ ಒಮ್ಮೆ ನೋಡಿ, ಹೆಚ್ಚುಕಮ್ಮಿ ಆಗಿದ್ದರೆ ಸರಿಪಡಿಸಬಹುದಲ್ವಾ?

ನೋಡಿದರೆ ಸೂಪರ್‌ಪೊಸಿಷನ್ ಕುಸಿಯುತ್ತದೆ. ಹಾಗಾಗಿ ಲೆಕ್ಕದ ನಡುವೆ ಇಣುಕುವ ಹಾಗಿಲ್ಲ. ಮೊದಲೇ ಅದೇ ಪಲ್ಸನ್ನು ಸಾವಿರಾರು ಸಲ ಕೊಟ್ಟು, ಅಳೆದು, ಸರಾಸರಿ ನೋಡಿ ಟ್ಯೂನ್ ಮಾಡಿಟ್ಟುಕೊಳ್ಳಬೇಕು. ಆಮೇಲೆ ಲೆಕ್ಕ ನಡೆಯುವಾಗ ಆ ಪಲ್ಸನ್ನು ನಂಬಿ ಮುಂದೆ ಹೋಗಬೇಕು. ಎರರ್ ಕರೆಕ್ಷನ್‌ನಲ್ಲಿ ಅಡ್ಡದಾರಿ ಹಿಡಿದು ತಪ್ಪನ್ನು ಮಾತ್ರ ಅಳೆಯುವ ಉಪಾಯ ಇದೆ, ಅದು ಕೆಳಗೆ ಬರುತ್ತದೆ.

ತಪ್ಪುಗಳಲ್ಲಿ ಎಷ್ಟು ಬಗೆ?

ನಮ್ಮ ವಿಷಯಕ್ಕೆ ಬೇಕಾದ್ದು ಎರಡು.

ಒಂದು, ಪ್ರತಿ ಸಲವೂ ಒಂದೇ ರೀತಿ ಆಗುವ ತಪ್ಪು. ಎನ್‌ಎಂಆರ್ ಟ್ಯೂಬ್ ತೆಗೆದುಕೊಳ್ಳಿ. ಕಾಯಿಲ್‌ನ ಮಧ್ಯದಲ್ಲಿರುವ ಅಣುವಿಗೆ ಸಿಗುವ ರೇಡಿಯೋ ತರಂಗದ ಜೋರು ಬೇರೆ, ಅಂಚಿನಲ್ಲಿರುವ ಅಣುವಿಗೆ ಸಿಗುವುದು ಬೇರೆ. ನೀವು 180° ಅಂತ ಕೊಟ್ಟರೆ ಮಧ್ಯದ್ದು 180° ತಿರುಗುತ್ತದೆ, ಅಂಚಿನದು 162°ಕ್ಕೇ ನಿಲ್ಲಬಹುದು. ಎಷ್ಟು ಟ್ಯೂನ್ ಮಾಡಿದರೂ ಎಲ್ಲ ಅಣುಗಳಿಗೂ ಒಟ್ಟಿಗೆ ಸರಿಯಾಗುವುದಿಲ್ಲ.

ಇನ್ನೊಂದು, ಹೇಗೆಂದರೆ ಹಾಗೆ ಆಗುವ ತಪ್ಪು. ಸುತ್ತಲಿನ ಗದ್ದಲಕ್ಕೆ ಕ್ಯೂಬಿಟ್ ತನ್ನ ಸ್ಥಿತಿ ಕಳೆದುಕೊಳ್ಳುತ್ತದೆ. ಇದಕ್ಕೆ ಡಿಕೊಹೆರೆನ್ಸ್ ಅನ್ನುತ್ತಾರೆ. ಹೊತ್ತು ಕಳೆದಷ್ಟೂ ಇದು ಜಾಸ್ತಿ.

ಮುಂದೆ ಹೇಳುವ ಪಲ್ಸ್ ತಿದ್ದುವ ರಿಕರ್ಷನ್ ಜಾಣ್ಮೆ ಮೊದಲ ಬಗೆಯ ತಪ್ಪಿಗೆ ಮಾತ್ರ ಮದ್ದು. ಎರಡನೆಯದನ್ನು ಅದು ಹೆಚ್ಚಿಸುತ್ತದೆ.

ತಪ್ಪು ಎಷ್ಟು ಅಂತ ಗೊತ್ತೇ ಇಲ್ಲದೆ ಅದನ್ನು ಸರಿಪಡಿಸಲು ಆಗುತ್ತಾ?

ಆಗುತ್ತದೆ! ನನಗೆ ಈ ಇಡೀ ಕ್ಷೇತ್ರದಲ್ಲಿ ಅತಿ ಇಷ್ಟವಾದ ಸಂಗತಿ ಇದು.

1979ರಲ್ಲಿ ಮಾಲ್ಕಮ್ ಲೆವಿಟ್ ಮತ್ತು ರೇ ಫ್ರೀಮನ್ ಒಂದು ಪಲ್ಸಿನ ಬದಲು ಮೂರು ಪಲ್ಸ್ ಕೊಟ್ಟು ನೋಡಿದರು. ಎಕ್ಸ್ ಅಕ್ಷದ ಸುತ್ತ 90°, ವೈ ಅಕ್ಷದ ಸುತ್ತ 180°, ಮತ್ತೆ ಎಕ್ಸ್ ಸುತ್ತ 90°. ಪಲ್ಸ್ ಸರಿಯಾಗಿದ್ದರೆ ಒಂದೇ 180° ಕೊಟ್ಟ ಹಾಗೇ ಬಾಣ ಕೆಳಗೆ ಬಂದು ನಿಲ್ಲುತ್ತದೆ. ಪಲ್ಸ್ ತಪ್ಪಾಗಿದ್ದಾಗ ಏನಾಗುತ್ತದೆ ಅನ್ನುವುದೇ ಸ್ವಾರಸ್ಯ.

ಜೋರು 10% ಕಮ್ಮಿ ಅಂದುಕೊಳ್ಳಿ. ಒಂದೇ ಪಲ್ಸ್ ಕೊಟ್ಟರೆ ಬಾಣ 162°ಕ್ಕೆ ನಿಲ್ಲುತ್ತದೆ. ಅಳೆದಾಗ ತಪ್ಪು ಉತ್ತರ ಬರುವ ಸಾಧ್ಯತೆ ಸುಮಾರು 2.4%. ಮೂರು ಪಲ್ಸ್ ಕೊಟ್ಟರೆ ಅವು 81°, 162°, 81° ಆಗುತ್ತವೆ, ಮೂರೂ ಕೆಟ್ಟವೇ. ಆದರೆ ಲೆಕ್ಕ ಹಾಕಿ ನೋಡಿದರೆ ತಪ್ಪು ಉತ್ತರದ ಸಾಧ್ಯತೆ 0.06%ಕ್ಕೆ ಇಳಿದಿರುತ್ತದೆ. ಮೊದಲ ಪಲ್ಸ್ ಬಾಣವನ್ನು ಎಷ್ಟು ಹಿಂದೆ ಬಿಟ್ಟಿತೋ, ನಡುವಿನ ಪಲ್ಸ್ ಅದನ್ನು ಹೆಚ್ಚುಕಮ್ಮಿ ಅಷ್ಟೇ ಮುಂದಕ್ಕೆ ಹೊರಳಿಸುತ್ತದೆ. ಹಾಗಾಗಿ ಮೂರನೆಯದು ಅದೇ ಕೊರತೆ ಮಾಡಿದಾಗ ಎರಡೂ ಸೇರಿ ಬಹುಪಾಲು ವಜಾ ಆಗುತ್ತವೆ. ತಪ್ಪಿನ ಸಾಧ್ಯತೆ ತನ್ನದೇ ವರ್ಗಕ್ಕೆ ಇಳಿಯುತ್ತದೆ. 0.0245ರ ವರ್ಗ 0.0006. ಜೋರು 10% ಕಮ್ಮಿ ಇದ್ದರೂ ಸರಿ, 7% ಜಾಸ್ತಿ ಇದ್ದರೂ ಸರಿ, ಪಲ್ಸ್ ಕೊಡುವವರಿಗೆ ಅದು ಗೊತ್ತಿರಬೇಕಾಗಿಲ್ಲ.

ಇವನ್ನು ಕಾಂಪೊಸಿಟ್ ಪಲ್ಸ್ ಅನ್ನುತ್ತಾರೆ.

ಸರಿ, ಇದರಲ್ಲಿ ರಿಕರ್ಷನ್ ಎಲ್ಲಿ ಬಂತು?

ಲವ್ ಗ್ರೋವರ್ ಅವರಿಂದ. ಐಐಟಿ ದೆಹಲಿಯಲ್ಲಿ ಓದಿ, ಬೆಲ್ ಲ್ಯಾಬ್ಸ್‌ನಲ್ಲಿದ್ದಾಗ 1996ರಲ್ಲಿ ಹುಡುಕುವ ಆಲ್ಗಾರಿದಂ ಕೊಟ್ಟವರು. ಆ ಆಲ್ಗಾರಿದಂನಲ್ಲಿ ಒಂದು ತೊಡಕಿದೆ. ಅದು ಸ್ಥಿತಿಯನ್ನು ಗುರಿಯ ಕಡೆಗೆ ಸ್ವಲ್ಪಸ್ವಲ್ಪವೇ ತಿರುಗಿಸುತ್ತಾ ಹೋಗುತ್ತದೆ, ಹಾಗಾಗಿ ಯಾವಾಗ ನಿಲ್ಲಿಸಬೇಕು ಅಂತ ಗೊತ್ತಿರಬೇಕು. ಹತ್ತು ಲಕ್ಷದಲ್ಲಿ ಒಂದನ್ನು ಹುಡುಕುವಾಗ ಸುಮಾರು 785 ಸಲ ತಿರುಗಿಸಿದರೆ ಉತ್ತರ ಸಿಗುತ್ತದೆ. ಅಲ್ಲಿಗೆ ನಿಲ್ಲಿಸದೆ 1570 ಸಲ ತಿರುಗಿಸಿದರೆ ಹೊರಟಲ್ಲಿಗೇ ವಾಪಸ್ ಬಂದಿರುತ್ತೀರಿ. ಹುಡುಕುವ ವಸ್ತು ಎಷ್ಟಿವೆ ಅನ್ನುವುದೇ ಗೊತ್ತಿಲ್ಲದಿದ್ದರೆ ಕಷ್ಟ.

2005ರಲ್ಲಿ ಅವರೇ ಇದಕ್ಕೊಂದು ದಾರಿ ತೋರಿಸಿದರು. ನಿಮ್ಮ ಬಳಿ ಒಂದು ಕ್ರಿಯೆ ಇದೆ, ಅದನ್ನು 'ಅ' ಎನ್ನೋಣ. ಅದು ಹೊರಟ ಸ್ಥಿತಿಯಿಂದ ಗುರಿಗೆ ಒಯ್ಯುತ್ತದೆ, ಆದರೆ ಪೂರ್ತಿ ಸರಿಯಾಗಿ ಅಲ್ಲ. ಈಗ ಹೀಗೆ ಮಾಡಿ: ಮೊದಲು 'ಅ'. ಆಮೇಲೆ ಗುರಿ ಸ್ಥಿತಿಯ ಫೇಸ್ (ಸೂಪರ್‌ಪೊಸಿಷನ್‌ನಲ್ಲಿ ಆ ಸ್ಥಿತಿಗಿರುವ ಕೋನ) ಮಾತ್ರ 60° ತಿರುಗಿಸಿ. ಆಮೇಲೆ 'ಅ' ಅನ್ನು ಉಲ್ಟಾ ನಡೆಸಿ. ಹೊರಟ ಸ್ಥಿತಿಯ ಫೇಸ್ 60° ತಿರುಗಿಸಿ. ಕೊನೆಗೆ ಮತ್ತೆ 'ಅ'. ಈ ಐದು ಹೆಜ್ಜೆಯ ಕೊನೆಗೆ ತಪ್ಪಿನ ಸಾಧ್ಯತೆ ತನ್ನದೇ ಘನಕ್ಕೆ ಇಳಿಯುತ್ತದೆ. 0.2 ಇದ್ದದ್ದು 0.008 ಆಗುತ್ತದೆ.

ಈಗ ಈ ಐದು ಹೆಜ್ಜೆಯ ಗಂಟನ್ನೇ ಹೊಸ 'ಅ' ಅಂದುಕೊಂಡು ಮತ್ತೆ ಅದೇ ಐದು ಹೆಜ್ಜೆ ಹಾಕಿ. 0.008 ಇದ್ದದ್ದು 0.0000005ರ ಹತ್ತಿರ ಬರುತ್ತದೆ. ಇದೇ ರಿಕರ್ಷನ್. ಎಷ್ಟು ಸಲ ಮಾಡಿದರೂ ಗುರಿ ದಾಟಿ ಹೋಗುವುದಿಲ್ಲ, ಗುರಿಯ ಕಡೆಗೇ ಸರಿಯುತ್ತದೆ. ಅದಕ್ಕೇ ಇದನ್ನು ಫಿಕ್ಸ್‌ಡ್ ಪಾಯಿಂಟ್ ಹುಡುಕಾಟ ಎನ್ನುವುದು.

ಇದೇ ಗಂಟು ಪಲ್ಸಿಗೂ ಹೊಂದುತ್ತದೆ. 'ಅ' ಜಾಗದಲ್ಲಿ ಆ 162° ಪಲ್ಸನ್ನು ಇಡಿ. 2.4% ಇದ್ದ ತಪ್ಪು ಒಂದೇ ಸುತ್ತಿಗೆ 0.0015% ಆಗುತ್ತದೆ. ಹುಡುಕಾಟದ ಆಲ್ಗಾರಿದಂನಿಂದ ಪಲ್ಸ್ ತಪ್ಪು ತಿದ್ದಬಹುದು ಅಂತ ಬೆನ್ ರೈಕಾರ್ಟ್ ಜೊತೆ ಗ್ರೋವರ್ ಅದೇ ವರ್ಷ ತೋರಿಸಿದರು. ಆಲ್ಗಾರಿದಂ ಬರೆಯುವವರೂ ಪಲ್ಸ್ ಕೆತ್ತುವವರೂ ಒಂದೇ ಕೆಲಸ ಮಾಡುತ್ತಿದ್ದಾರೆ ಎಂದು ನಾನು ಹೇಳುವುದು ಇದನ್ನು ನೋಡಿಯೇ.

ಹಾಗಾದರೆ ಸುತ್ತು ಹೆಚ್ಚಿಸುತ್ತಾ ಹೋದರೆ ತಪ್ಪು ಸೊನ್ನೆಯಾಗುತ್ತಾ?

ಕಾಗದದ ಮೇಲೆ ಆಗುತ್ತದೆ. ಯಂತ್ರದ ಮೇಲೆ ಆಗುವುದಿಲ್ಲ. ಯಾಕೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು ಸುತ್ತಿಗೆ 'ಅ' ಮೂರು ಸಲ ಬೇಕು. ಎರಡು ಸುತ್ತಿಗೆ 9, ಮೂರಕ್ಕೆ 27. ಒಂದು ಪಲ್ಸಿಗೆ 25 ನ್ಯಾನೋಸೆಕೆಂಡ್ ಮತ್ತು ಕ್ಯೂಬಿಟ್‌ನ ಆಯುಸ್ಸು 100 ಮೈಕ್ರೋಸೆಕೆಂಡ್ ಅಂತ ಇಟ್ಟುಕೊಳ್ಳಿ. ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್‌ಗೆ ಇವು ಸಹಜವಾದ ಅಂಕಿಗಳೇ. ನಡುವಿನ 60° ಫೇಸ್‌ಗಳಿಗೆ ಸಮಯ ಬೇಕಿಲ್ಲ. ಮುಂದಿನ ಪಲ್ಸಿನ ಫೇಸ್ ಅನ್ನೇ ಅಷ್ಟು ಸರಿಸಿ ಕೊಟ್ಟರೆ ಸಾಕು.

ಒಂದು ಪಲ್ಸಿಗೆ ಡಿಕೊಹೆರೆನ್ಸ್‌ನಿಂದಾಗುವ ನಷ್ಟ ಸುಮಾರು 0.025%. ಒಂದು ಸುತ್ತು ಮಾಡಿದರೆ 75 ನ್ಯಾನೋಸೆಕೆಂಡ್, ನಷ್ಟ 0.075%. ಎರಡು ಸುತ್ತಿಗೆ 0.225%. ಪಲ್ಸ್ ತಪ್ಪು ಮೊದಲ ಸುತ್ತಿಗೇ 0.0015%ಕ್ಕೆ ಇಳಿದಾಯಿತು. ಎರಡನೇ ಸುತ್ತಿನಲ್ಲಿ ಇಳಿಸಲು ಏನೂ ಉಳಿದಿಲ್ಲ, ನಷ್ಟ ಮಾತ್ರ ಮೂರು ಪಟ್ಟು. ಅಂದರೆ ಇಲ್ಲಿ ಒಂದೇ ಸುತ್ತಿಗೆ ನಿಲ್ಲಿಸಬೇಕು.

ಈಗ ಜೋರಿನ ತಪ್ಪು 10% ಅಲ್ಲ, 1% ಅಂದುಕೊಳ್ಳಿ. ಆಗ ಒಂದೇ ಪಲ್ಸಿನ ತಪ್ಪು 0.025%, ಡಿಕೊಹೆರೆನ್ಸ್‌ನ ನಷ್ಟವೂ ಅಷ್ಟೇ. ಒಟ್ಟು 0.05%. ಮೂರು ಪಲ್ಸ್ ಕೊಟ್ಟರೆ ನಷ್ಟವೇ 0.075%. ರಿಕರ್ಷನ್ ಮಾಡದೆ ಸುಮ್ನೆ ಇದ್ದರೇ ಒಳ್ಳೆಯದು! ಚೆನ್ನಾಗಿ ಟ್ಯೂನ್ ಆದ ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್‌ನಲ್ಲಿ ಕಾಂಪೊಸಿಟ್ ಪಲ್ಸ್ ಅಷ್ಟಾಗಿ ಕಾಣದಿರುವುದಕ್ಕೂ, ಎನ್‌ಎಂಆರ್ ಮತ್ತು ಅಯಾನು ಲ್ಯಾಬ್‌ಗಳಲ್ಲಿ ಅದು ಜಾಸ್ತಿ ಉಪಯೋಗಕ್ಕೆ ಬರುವುದಕ್ಕೂ ಈ ಲೆಕ್ಕವೇ ಕಾರಣ. ಅಲ್ಲಿ ಪಲ್ಸಿಗೆ ಹೋಲಿಸಿದರೆ ಆಯುಸ್ಸು ದೊಡ್ಡದು.

ರಿಕರ್ಸಿವ್ ಆಲ್ಗಾರಿದಂ ಬಗ್ಗೆ ಯಾರು ಏನೇ ಹೇಳಲಿ, ಮೊದಲು ಈ ಎರಡು ಸಾಲಿನ ಲೆಕ್ಕ ಕೇಳಿ: ಒಂದು ಸುತ್ತಿಗೆ ತಪ್ಪು ಎಷ್ಟು ಇಳಿಯುತ್ತದೆ, ಸಮಯ ಎಷ್ಟು ಪಟ್ಟು ಏರುತ್ತದೆ.

ಬೆಂಗಳೂರಿಗೂ ಇದಕ್ಕೂ ಏನಾದರೂ ನಂಟು ಇದೆಯಾ?

ಇದೆ, ಗಟ್ಟಿಯಾದ ನಂಟೇ. ಗ್ರೋವರ್ ಅವರ ರಿಕರ್ಷನ್‌ನಲ್ಲಿ ಗುರಿಯನ್ನು ಗುರುತಿಸುವ ಪ್ರಶ್ನೆಯನ್ನು 1, 4, 13 ಹೀಗೆ ಜಿಗಿಜಿಗಿದು ಮಾತ್ರ ಕೇಳಬಹುದು. ನಡುವೆ ಎಲ್ಲಿ ಬೇಕೋ ಅಲ್ಲಿ ನಿಲ್ಲಿಸುವ ಹಾಗಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ತಥಾಗತ್ ತುಳಸಿ ಮತ್ತು ಅಪೂರ್ವ ಪಟೇಲ್, ಗ್ರೋವರ್ ಜೊತೆ ಸೇರಿ 2006ರಲ್ಲಿ ಬೇರೆ ರೀತಿಯ ಫಿಕ್ಸ್‌ಡ್ ಪಾಯಿಂಟ್ ಆಲ್ಗಾರಿದಂ ಕೊಟ್ಟರು. ಒಂದು ಹೆಚ್ಚುವರಿ ಕ್ಯೂಬಿಟ್ ಇಟ್ಟುಕೊಂಡು ಅದನ್ನು ಆಗಾಗ ಅಳೆಯುವುದು ಅದರ ಉಪಾಯ. ಹಂತ ಹಂತದ ಆ ದೊಡ್ಡ ಜಿಗಿತ ಅಲ್ಲಿ ಬೇಕಿಲ್ಲ.

ಎರಡಕ್ಕೂ ಒಂದು ಕೊರತೆ ಇದೆ. ಆರಂಭದಲ್ಲಿ ಗುರಿ ಸಿಗುವ ಸಾಧ್ಯತೆ ತೀರಾ ಕಮ್ಮಿ ಇದ್ದರೆ, ಗ್ರೋವರ್ ಆಲ್ಗಾರಿದಂನ ಹೆಗ್ಗಳಿಕೆಯಾದ ವರ್ಗಮೂಲದ ಲಾಭ (ಹತ್ತು ಲಕ್ಷದಲ್ಲಿ ಹುಡುಕಲು ಸಾವಿರದೊಳಗಿನ ಸಲ ಸಾಕಾಗುವುದು) ಕೈತಪ್ಪುತ್ತದೆ. 2014ರಲ್ಲಿ ಯೋಡರ್, ಲೋ ಮತ್ತು ಚುವಾಂಗ್ ಫೇಸ್ ಕೋನಗಳನ್ನು ಬೇರೆ ರೀತಿ ಆರಿಸಿ ಆ ಲಾಭವನ್ನೂ ಉಳಿಸಿಕೊಂಡರು. ತಪ್ಪು ಸೊನ್ನೆಯ ಕಡೆಗೆ ಇಳಿಯಲೇಬೇಕು ಅನ್ನುವ ಹಟ ಬಿಟ್ಟು, ಒಂದು ಮಿತಿಯೊಳಗೆ ಇದ್ದರೆ ಸಾಕು ಅಂದುಕೊಂಡದ್ದು ಅವರ ಜಾಣತನ.

ಅದೇ ಸಂಸ್ಥೆಯಲ್ಲಿ ಅನಿಲ್ ಕುಮಾರ್ ಅವರ ಗುಂಪು ಎನ್‌ಎಂಆರ್ ಮೇಲೆ ಕ್ವಾಂಟಂ ಆಲ್ಗಾರಿದಂಗಳನ್ನು ಮಾಡಿ ನೋಡಿತ್ತು. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿದ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ನಲ್ಲೂ ಕ್ವಾಂಟಂ ಕಂಪ್ಯೂಟಿಂಗ್ ಕೇಂದ್ರ ಇರುವುದು ಅಲ್ಲೇ.

ನಾವು ಬರೆಯುವ ಸಾಮಾನ್ಯ ಪ್ರೋಗ್ರಾಂನ ರಿಕರ್ಷನ್‌ಗೂ ಇದಕ್ಕೂ ಏನು ವ್ಯತ್ಯಾಸ?

ಫಿಬೊನಾಚ್ಚಿ ಪ್ರೋಗ್ರಾಂ ನೆನಪಿಸಿಕೊಳ್ಳಿ. ಸುಮ್ನೆ ರಿಕರ್ಷನ್ ಬರೆದರೆ ಒಂದೇ ಸಂಖ್ಯೆಯನ್ನು ಮತ್ತೆ ಮತ್ತೆ ಲೆಕ್ಕ ಹಾಕುತ್ತದೆ. ಒಮ್ಮೆ ಬಂದ ಉತ್ತರವನ್ನು ಬರೆದಿಟ್ಟುಕೊಂಡರೆ ಕ್ಷಣದಲ್ಲಿ ಮುಗಿಯುತ್ತದೆ. ಕ್ವಾಂಟಂನಲ್ಲಿ ಹಾಗೆ ಬರೆದಿಟ್ಟುಕೊಳ್ಳಲು ಆಗುವುದಿಲ್ಲ. ಗೊತ್ತಿಲ್ಲದ ಸ್ಥಿತಿಯನ್ನು ನಕಲು ಮಾಡಲು ಬರುವುದಿಲ್ಲ ಎಂದು 1982ರಲ್ಲೇ ಸಾಬೀತಾಗಿದೆ. ಹಾಗಾಗಿ ಪ್ರತಿ ಕರೆಗೂ ಬುಡದಿಂದ ಮತ್ತೆ ಲೆಕ್ಕ. ಮೇಲೆ ಕಂಡ 3, 9, 27 ಬಂದದ್ದು ಇದರಿಂದಲೇ.

ನಿಲ್ಲಿಸುವುದರಲ್ಲೂ ವ್ಯತ್ಯಾಸ ಇದೆ. ಸಾಮಾನ್ಯ ಪ್ರೋಗ್ರಾಂ "ಉತ್ತರ ಬಂತಾ? ಬಂದಿದ್ದರೆ ನಿಲ್ಲು" ಅಂತ ಪರೀಕ್ಷಿಸುತ್ತದೆ. ಸೂಪರ್‌ಪೊಸಿಷನ್‌ನ ಒಂದು ಕವಲು ಮುಗಿದು ಇನ್ನೊಂದು ಮುಗಿಯದಿದ್ದರೆ, ಆ ಪರೀಕ್ಷೆಯೇ ಅಳತೆಯಾಗಿ ಸೂಪರ್‌ಪೊಸಿಷನ್ ಕೆಡುತ್ತದೆ. ಹಾಗಾಗಿ ಎಷ್ಟು ಸುತ್ತು ಎಂಬುದನ್ನು ಬಹುಪಾಲು ಮೊದಲೇ ನಿರ್ಧರಿಸಿ, ರಿಕರ್ಷನ್ ಅನ್ನು ಮಾಮೂಲಿ ಕಂಪ್ಯೂಟರಿನಲ್ಲೇ ಬಿಡಿಸಿ, ಉದ್ದನೆಯ ಗೇಟ್ ಸಾಲಾಗಿ (ಗೇಟ್ ಅಂದರೆ ಕ್ಯೂಬಿಟ್ ಮೇಲಿನ ಒಂದು ಮೂಲ ಕ್ರಿಯೆ) ಕ್ಯೂಬಿಟ್‌ಗಳಿಗೆ ಕಳಿಸುತ್ತಾರೆ.

'ಅನ್‌ಕಂಪ್ಯೂಟ್' ಅನ್ನುತ್ತಾರಲ್ಲ, ಅದು ಯಾಕೆ ಬೇಕು?

ಒಳಗಿನ ಕರೆ ಮುಗಿದ ಮೇಲೆ ಅದರ ಮಧ್ಯಂತರ ಲೆಕ್ಕಗಳು ಕೆಲವು ಕ್ಯೂಬಿಟ್‌ಗಳಲ್ಲಿ ಉಳಿದಿರುತ್ತವೆ. ಆ ಕಸ ಉತ್ತರದ ಜೊತೆ ಹೆಣೆದುಕೊಂಡಿರುತ್ತದೆ, ಮುಂದಿನ ಇಂಟರ್‌ಫಿಯರೆನ್ಸ್ (ಸೂಪರ್‌ಪೊಸಿಷನ್‌ನ ಕವಲುಗಳು ಒಂದಕ್ಕೊಂದು ಕೂಡುವುದು, ಕಳೆಯುವುದು) ಕೆಡಿಸುತ್ತದೆ. ಅಳಿಸಿ ಹಾಕುವ ಹಾಗಿಲ್ಲ, ಅಳಿಸುವುದೂ ಒಂದು ರೀತಿ ಅಳೆದ ಹಾಗೆಯೇ. ಹೂಮಾಲೆಯ ಗಂಟುಗಳನ್ನು ಕಟ್ಟಿದ ಕ್ರಮಕ್ಕೆ ಉಲ್ಟಾ ಬಿಚ್ಚುವ ಹಾಗೆ, ಇಡೀ ಲೆಕ್ಕವನ್ನು ಹಿಂದಕ್ಕೆ ನಡೆಸಬೇಕು. ಈ ಉಪಾಯ ಚಾರ್ಲ್ಸ್ ಬೆನೆಟ್ ಅವರದು, 1973ರದು.

ಇದರಿಂದ ರಿಕರ್ಷನ್‌ನ ಪ್ರತಿ ಮಟ್ಟದಲ್ಲೂ ಖರ್ಚು ಎರಡು ಪಟ್ಟು. ಆದರೂ ಲಾಭ ಉಳಿಯಬಹುದು. 1993ರಲ್ಲಿ ಬರ್ನ್‌ಸ್ಟೀನ್ ಮತ್ತು ವಜೀರಾನಿ ತೋರಿಸಿದ ರಿಕರ್ಸಿವ್ ಫೋರಿಯರ್ ಸ್ಯಾಂಪ್ಲಿಂಗ್ ಎಂಬ ಸಮಸ್ಯೆಯಲ್ಲಿ ಮಾಮೂಲಿ ಕಂಪ್ಯೂಟರಿಗೆ ಪ್ರತಿ ಮಟ್ಟದಲ್ಲೂ ಬಿಟ್‌ಗಳ ಸಂಖ್ಯೆಯಷ್ಟು ಕರೆ ಬೇಕು, ಕ್ವಾಂಟಂಗೆ ಎರಡೇ ಸಾಕು. ಮಟ್ಟ ಆಳವಾದಂತೆ ಅಂತರ ಬೆಟ್ಟದಷ್ಟಾಗುತ್ತದೆ.

ಬರೆದಿಟ್ಟುಕೊಳ್ಳಲು ಯಾವ ದಾರಿಯೂ ಇಲ್ವಾ?

ನಕಲು ಮಾಡಲಾಗದು, ಆದರೆ ಒಂದೇ ಸ್ಥಿತಿಯನ್ನು ಮೊದಲೇ ಹಲವು ಸಲ ತಯಾರಿಸಿಟ್ಟುಕೊಳ್ಳಬಹುದು. ಲಾಯ್ಡ್, ಮೊಹ್ಸೇನಿ ಮತ್ತು ರೆಬೆನ್‌ಟ್ರಾಸ್ಟ್ 2014ರಲ್ಲಿ ಒಂದು ಸ್ಥಿತಿಯ ಹಲವು ಪ್ರತಿಗಳನ್ನೇ ಸೂಚನೆಯ ಹಾಗೆ ಬಳಸಿ ಇನ್ನೊಂದು ಸ್ಥಿತಿಯನ್ನು ತಿರುಗಿಸುವ ವಿಧಾನ ಕೊಟ್ಟರು. ಇದರ ಮೇಲೆ ಸನ್, ಗ್ಲುಝಾ, ತಕಾಗಿ ಮತ್ತು ಎನ್‌ಜಿ ಅವರು ಕ್ವಾಂಟಂ ಡೈನಮಿಕ್ ಪ್ರೋಗ್ರಾಮಿಂಗ್ ಕಟ್ಟಿದ್ದಾರೆ. ಸರ್ಕ್ಯೂಟ್‌ನ, ಅಂದರೆ ಗೇಟ್ ಸಾಲಿನ, ಉದ್ದ ಭಾರೀ ಕಮ್ಮಿಯಾಗುತ್ತದೆ, ಬದಲಿಗೆ ಕ್ಯೂಬಿಟ್‌ಗಳ ಸಂಖ್ಯೆ ಭಾರೀ ಏರುತ್ತದೆ. ಕ್ಯೂಬಿಟ್ ಹೇರಳವಾಗಿ ಸಿಗುವ ಕಾಲಕ್ಕೆ ಇದು ಬಹಳ ಮುಖ್ಯವಾಗಬಹುದು ಎಂಬುದು ನನ್ನ ಅನಿಸಿಕೆ.

ಬೇರೆ ಎಲ್ಲೆಲ್ಲಿ ರಿಕರ್ಷನ್ ಕಾಣುತ್ತದೆ?

ಸೊಲೊವೇ–ಕಿಟಾಯೆವ್ ವಿಧಾನದಲ್ಲಿ. ಕೈಯಲ್ಲಿರುವ ನಾಲ್ಕಾರು ಗೇಟ್‌ಗಳಿಂದಲೇ ಯಾವ ಕೋನದ ತಿರುಗುವಿಕೆಯನ್ನಾದರೂ ಬೇಕಾದಷ್ಟು ನಿಖರವಾಗಿ ಕಟ್ಟಬಹುದು ಎಂದು ಅದು ಹೇಳುತ್ತದೆ. ಪ್ರತಿ ಮಟ್ಟದ ಸಾಲಿನಲ್ಲಿ ಕೆಳಗಿನ ಮಟ್ಟದ ಐದು ತುಂಡುಗಳು, ಒಂದು ಅಂದಾಜು ಮತ್ತು ನಾಲ್ಕು ತಿದ್ದುಪಡಿ. ಈಗ ಸಂಖ್ಯಾ ಸಿದ್ಧಾಂತ (ನಂಬರ್ ಥಿಯರಿ) ಬಳಸಿ ಇದಕ್ಕಿಂತ ಚಿಕ್ಕ ಸಾಲುಗಳನ್ನು ಹುಡುಕುವ ವಿಧಾನಗಳಿವೆ, ಆದರೂ ಕಲಿಯಲು ಇದು ಸೊಗಸು. ಅಣುಗಳ ಸಿಮ್ಯುಲೇಷನ್‌ಗೆ ಬೇಕಾದ ಸುಝುಕಿ ಸೂತ್ರಗಳೂ ಐದೈದರ ರಿಕರ್ಷನ್ನೇ.

ಎರರ್ ಕರೆಕ್ಷನ್ ಕೂಡ ರಿಕರ್ಸಿವ್ ಅಂತಾರೆ, ಹೌದಾ?

ಒಂದು ಬಗೆಯದು ಹೌದು. ಏಳು ಕ್ಯೂಬಿಟ್ ಸೇರಿಸಿ ಒಂದು ಗಟ್ಟಿ ಕ್ಯೂಬಿಟ್, ಅಂಥ ಏಳು ಸೇರಿಸಿ ಇನ್ನೂ ಗಟ್ಟಿಯಾದದ್ದು. 7, 49, 343. ಈ ವಿಧಾನ ತಡೆದುಕೊಳ್ಳಬಲ್ಲ ಗೇಟ್ ತಪ್ಪಿನ ಮಿತಿ 1% ಇದ್ದು ನಿಮ್ಮ ಗೇಟ್ ತಪ್ಪು 0.1% ಇದ್ದರೆ, ಮಟ್ಟ ಏರಿದಂತೆ ತಪ್ಪು ಹತ್ತು ಸಾವಿರಕ್ಕೊಂದು, ಹತ್ತು ಲಕ್ಷಕ್ಕೊಂದು, ಸಾವಿರ ಕೋಟಿಗೊಂದು ಹೀಗೆ ಇಳಿಯುತ್ತದೆ. ಗೇಟ್ ತಪ್ಪು ಮಿತಿಗಿಂತ ಮೇಲಿದ್ದರೆ ಮಟ್ಟ ಏರಿದಷ್ಟೂ ಕೆಡುತ್ತದೆ. ಡಿಕೊಹೆರೆನ್ಸ್‌ಗೂ ಮದ್ದಾಗುವುದು ಈ ರಿಕರ್ಷನ್. ಇಲ್ಲಿ ಪ್ರತಿ ಮಟ್ಟದಲ್ಲೂ ಉತ್ತರ ಮುಟ್ಟದೆ ತಪ್ಪನ್ನು ಮಾತ್ರ ಅಳೆದು ಹೊರಹಾಕುತ್ತಾರೆ. ಈಗಿನ ಯಂತ್ರಗಳಲ್ಲಿ ಹೆಚ್ಚಾಗಿ ರಿಕರ್ಷನ್ ಇಲ್ಲದ ಸರ್ಫೇಸ್ ಕೋಡ್ ಬಳಕೆಯಲ್ಲಿದೆ. ಅಕ್ಕಪಕ್ಕದ ಕ್ಯೂಬಿಟ್ ಮಾತ್ರ ಮಾತಾಡಿದರೆ ಸಾಕು ಅನ್ನುವುದು ಅದರ ಅನುಕೂಲ.

ಕ್ವಾಂಟಂ ಸಿಗ್ನಲ್ ಪ್ರೊಸೆಸಿಂಗ್ ಬಂದ ಮೇಲೆ ರಿಕರ್ಷನ್ ಹಳೆಯದಾಯಿತಾ?

2016ರಲ್ಲಿ ಲೋ, ಯೋಡರ್ ಮತ್ತು ಚುವಾಂಗ್ ಕಾಂಪೊಸಿಟ್ ಪಲ್ಸ್‌ಗಳನ್ನು ಪೂರ್ತಿ ಗಣಿತಕ್ಕೆ ಇಳಿಸಿದರು. ಒಂದೇ ತಿರುಗುವಿಕೆಯ ನಡುನಡುವೆ ಬೇರೆ ಬೇರೆ ಫೇಸ್ ಕೊಟ್ಟರೆ, ಫಲಿತಾಂಶ ಒಂದು ಪಾಲಿನಾಮಿಯಲ್. ಯಾವ ಪಾಲಿನಾಮಿಯಲ್ ಬೇಕೋ ಅದಕ್ಕೆ ತಕ್ಕ ಕೋನಗಳನ್ನು ನೇರವಾಗಿ ಹುಡುಕಿದರಾಯಿತು. ಕ್ವಾಂಟಂ ಸಿಗ್ನಲ್ ಪ್ರೊಸೆಸಿಂಗ್ ಅನ್ನುವುದು ಇದನ್ನೇ. 2019ರ ಹೊತ್ತಿಗೆ ಹುಡುಕಾಟ, ಸಿಮ್ಯುಲೇಷನ್, ಸಮೀಕರಣ ಬಿಡಿಸುವುದು ಎಲ್ಲವೂ ಇದೇ ಚೌಕಟ್ಟಿಗೆ ಬಂದವು. ಚುವಾಂಗ್ ಮೊದಲು ಎನ್‌ಎಂಆರ್ ಕ್ವಾಂಟಂ ಕಂಪ್ಯೂಟರ್ ಕಟ್ಟಿದವರು ಅನ್ನುವುದು ಇಲ್ಲಿ ನೆನಪಿಡಬೇಕಾದ ಮಾತು.

ನನ್ನ ಅಭಿಪ್ರಾಯ ಇಷ್ಟು: ಉಪಾಯ ಹೊಳೆಯಲು, ಸಾಬೀತು ಮಾಡಲು ರಿಕರ್ಷನ್‌ನಷ್ಟು ಒಳ್ಳೆಯದು ಇಲ್ಲ. ಯಂತ್ರಕ್ಕೆ ಕೊಡುವ ಕೊನೆಯ ಕೋನಗಳನ್ನು ಮಾತ್ರ ನೇರವಾಗಿ ಬಿಡಿಸಿಕೊಳ್ಳುವುದೇ ಲಾಭ, ಸಾಲು ಚಿಕ್ಕದಾಗುತ್ತದೆ.

ಮನೆಯಲ್ಲೇ ಮಾಡಿ ನೋಡಬಹುದಾ?

ಖಂಡಿತ. ಒಂದು ಕ್ಯೂಬಿಟ್ ಸಾಕು, ಅಂದರೆ ಎರಡು ಸಾಲು ಎರಡು ಕಂಬದ ಮ್ಯಾಟ್ರಿಕ್ಸ್. ಪೈಥಾನ್‌ನಲ್ಲಿ ಒಂದು ಸಂಜೆಯ ಕೆಲಸ. ಎಕ್ಸ್ ಸುತ್ತ 162° ತಿರುಗಿಸುವ ಮ್ಯಾಟ್ರಿಕ್ಸ್ ಬರೆದು, ಗ್ರೋವರ್ ಐದು ಹೆಜ್ಜೆ ಹಾಕಿ, ತಪ್ಪು 0.0245ರಿಂದ 0.0000147ಕ್ಕೆ ಇಳಿಯುತ್ತದಾ ನೋಡಿ.

ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಫೇಸ್ 60° ಎರಡರದ್ದೂ ಒಂದೇ ಚಿಹ್ನೆ ಇರಬೇಕು. ಆದರೆ ಒಂದು ಸೊನ್ನೆ ಸ್ಥಿತಿಗೆ, ಇನ್ನೊಂದು ಒಂದು ಸ್ಥಿತಿಗೆ. ಹಾಗಾಗಿ ಅವನ್ನು ಝಡ್ ಅಕ್ಷದ ತಿರುಗುವಿಕೆಯಾಗಿ ಬರೆದಾಗ ಒಂದು +60°, ಇನ್ನೊಂದು −60° ಆಗುತ್ತವೆ. ಎರಡನೇ ಸುತ್ತಿಗೆ ಹೋಗುವಾಗ ಇಡೀ ಗಂಟನ್ನು ಉಲ್ಟಾ ಮಾಡಬೇಕು, ಆಗ ಒಳಗಿನ ಫೇಸ್‌ಗಳ ಚಿಹ್ನೆಯೂ ತಿರುಗುತ್ತದೆ. ತಪ್ಪು ಇಳಿಯುವ ಬದಲು ಏರಿದರೆ ಮೊದಲು ಈ ಎರಡು ಜಾಗ ನೋಡಿ.